ಟ್ಯಾಬ್‌ನಲ್ಲಿ ಫೋನ್ ಮಾಡಬಹುದೇ?

2020ರಲ್ಲಿ ಶಾಲೆ ಮುಚ್ಚಿ ಮೊಬೈಲಿನಲ್ಲೇ ಪಾಠ ಶುರುವಾದಾಗ ನಮ್ಮೂರಲ್ಲಿ ಏಳೆಂಟು ಮನೆಯವರು ಮಕ್ಕಳಿಗೆಂದು ಟ್ಯಾಬ್ಲೆಟ್ ತಂದರು. ಈಗ ಆ ಮಕ್ಕಳು ಕಾಲೇಜು ಸೇರಿದ್ದಾರೆ, ಟ್ಯಾಬ್ ಅಲಮಾರು ಸೇರಿದೆ. "ಇಷ್ಟಗಲದ ಪರದೆ ಇದೆಯಲ್ಲ, ಇದರಲ್ಲೇ ಫೋನ್ ಮಾಡಕ್ಕಾಗಲ್ವ?" ಅಂತ ಹಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಹೆಂಡತಿಗೆ ಕೀಪ್ಯಾಡ್ ಫೋನಿನ ಅಕ್ಷರ ಕಾಣುವುದಿಲ್ಲ. ನಾನು ಬೆಳಗ್ಗೆ ಹೊಲಕ್ಕೆ ಹೋದರೆ ಕಡಲೆಕಾಯಿ ಕಾಲದಲ್ಲಿ ಬರುವುದು ಕತ್ತಲಾದ ಮೇಲೇ. ಆದ್ದರಿಂದ ಎರಡು ವರ್ಷದಿಂದ ಮನೆಯಲ್ಲಿ ಟ್ಯಾಬೇ ನಮ್ಮ ಫೋನು.

ಆದರೆ ಎಲ್ಲ ಟ್ಯಾಬ್‌ನಲ್ಲೂ ಫೋನ್ ಆಗುವುದಿಲ್ಲ. ಟ್ಯಾಬ್‌ಗಳಲ್ಲಿ ಮೂರು ಜಾತಿ. ಮೊದಲನೆಯದಕ್ಕೆ ಸಿಮ್ ಹಾಕುವ ಜಾಗವೇ ಇಲ್ಲ, ಬರೀ ವೈ-ಫೈ. ಎರಡನೆಯದಕ್ಕೆ ಸಿಮ್ ಹಾಕಬಹುದು, ಆದರೆ ಅದು ಇಂಟರ್‌ನೆಟ್ಟಿಗೆ ಮಾತ್ರ. ಆಪಲ್‌ನವರ ಐಪ್ಯಾಡ್ ಈ ಜಾತಿ, ಸಿಮ್ ಹಾಕಿದರೂ ಆ ಸಿಮ್ಮಿನಿಂದ ನಾವು ಮಾಡುವಂಥ ಸಾದಾ ಕರೆ ಹೋಗದು. ಮೂರನೆಯದು ಸಿಮ್ ಹಾಕಿದರೆ ಪೂರಾ ಫೋನೇ. ಕರೆ, ಮೆಸೇಜು, ಬ್ಯಾಂಕಿನ ಓಟಿಪಿ ಎಲ್ಲ ಬರುತ್ತೆ. ನಮಗೆ ಬೇಕಾದ್ದು ಇದು.

ಅಂಗಡಿಯಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಒಂದೇ ಹೆಸರಲ್ಲಿ ಎರಡು ಮಾಲೂ ಇರುತ್ತೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ತಗೊಳ್ಳಿ: ಡಬ್ಬದ ಮೇಲೆ ಎಸ್ಎಂ-ಎಕ್ಸ್110 ಅಂತಿದ್ದರೆ ಬರೀ ವೈ-ಫೈ, ಎಸ್ಎಂ-ಎಕ್ಸ್115 ಅಂತಿದ್ದರೆ ಸಿಮ್ ಹಾಕುವ ಎಲ್‌ಟಿಇ. ಹೆಸರು ನೋಡಿದರೆ ಸಾಲದು, ನಂಬರು ನೋಡಬೇಕು. ಪಕ್ಕದಲ್ಲಿ ಪುಟ್ಟ ತಟ್ಟೆ ಎಳೆಯಲು ಬಂತೆಂದು ಸಿಮ್ ಜಾಗ ಅಂದುಕೊಳ್ಳಬೇಡಿ. ವೈ-ಫೈ ಟ್ಯಾಬ್‌ನಲ್ಲೂ ಮೆಮರಿ ಕಾರ್ಡಿಗೆ ಅಂಥದ್ದೇ ತಟ್ಟೆ ಇರುತ್ತೆ.

ಪರೀಕ್ಷೆ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್ ಬಗ್ಗೆ ಇರುವ ಪುಟ ತೆರೆಯಿರಿ. 15 ಅಂಕಿಯ ಐಎಂಇಐ ನಂಬರು ಇಲ್ಲವೇ ಇಲ್ಲ ಅಂದರೆ ಅದು ವೈ-ಫೈ ಮಾಲು. ಇದ್ದರೆ ನಿಮ್ಮ ಸಿಮ್ಮನ್ನೇ ಹಾಕಿ, ಹಸಿರು ಫೋನಿನ ಗುರುತು ಒತ್ತಿ, ಅಂಗಡಿಯಲ್ಲಿ ನಿಂತೇ ಮನೆಗೆ ಒಂದು ಕರೆ ಮಾಡಿ. ಆಮೇಲೆ ದುಡ್ಡು ಕೊಡಿ. ಡಯಲ್ ಮಾಡುವ ಆ್ಯಪ್ ಹಾಕಿಕೊಡ್ತೀವಿ ಅಂದರೆ ಒಪ್ಪಬೇಡಿ. ಅಂಕಿ ಒತ್ತಲು ಬರುತ್ತೆ, ಕರೆ ಹೋಗದು. ಒಳಗೆ ಅದರ ಯಂತ್ರವೇ ಇಲ್ಲದಿದ್ದರೆ ಆ್ಯಪ್ ಏನು ಮಾಡೀತು?

ಜಿಯೋ ಸಿಮ್ ಇರುವವರು ಇನ್ನೊಂದು ನೋಡಬೇಕು. 2016ರಲ್ಲಿ ಶುರುವಾದಾಗಿನಿಂದ ಅವರಿಗೆ 2ಜಿ, 3ಜಿ ಇಲ್ಲ, ಮಾತೂ ಇಂಟರ್‌ನೆಟ್ ದಾರಿಯಲ್ಲೇ ಹೋಗುತ್ತೆ. ಇದಕ್ಕೆ ವೋಲ್ಟಿ ಅಂತಾರೆ. ಟ್ಯಾಬ್‌ನಲ್ಲಿ ಅದಿಲ್ಲದಿದ್ದರೆ ಸಾದಾ ಕರೆ ಆಗದು. ರೀಚಾರ್ಜೂ ಹಾಗೇ. ಬರೀ ಡೇಟಾದ ಪ್ಯಾಕ್ ಹಾಕಿಸಿ ಮಾತಾಡೋಕೆ ಹೋದರೆ ಆಗೋದಿಲ್ಲ.

ವೈ-ಫೈ ಟ್ಯಾಬ್ ಇರುವವರು ಅದನ್ನು ಎಸೆಯಬೇಕಿಲ್ಲ. ಮನೆಯ ಯಾರದಾದರೂ ವಾಟ್ಸ್ಆ್ಯಪ್ ಅದಕ್ಕೆ ಜೋಡಿಸಿದರೆ ಅದರಿಂದಲೇ ಕರೆ ಮಾಡಬಹುದು. ದೂರದ ಮಗಳ ಮುಖ ನೋಡೋದಕ್ಕೆ ಇದಕ್ಕಿಂತ ಚೆಂದದ್ದಿಲ್ಲ. ಜೋಡಿಸಿದ ಮೂಲ ಫೋನನ್ನು 14 ದಿನ ಮುಟ್ಟದಿದ್ದರೆ ಮಾತ್ರ ಸಂಬಂಧ ಕಡಿದುಹೋಗುತ್ತೆ. ನಮ್ಮಂಥ ಮನೆಗಳಲ್ಲಿ ವೈ-ಫೈ ಅಂದರೆ ಮಗನ ಮೊಬೈಲಿನ ಹಾಟ್‌ಸ್ಪಾಟು. ಅವನು ಬೈಕ್ ಹತ್ತಿ ಊರು ದಾಟಿದ ಅಂದರೆ ಟ್ಯಾಬಿಗೆ ಕಿವುಡು. ಯಾರು ಕರೆದರೂ ಕೇಳಿಸದು.

ಇದು ಸಣ್ಣ ವಿಷಯವಲ್ಲ. ನಮ್ಮ ಕೇರಿಯ ಒಬ್ಬ ಮುದುಕಮ್ಮನಿಗೆ ಹೋದ ಮುಂಗಾರಿನಲ್ಲಿ ಕೊಟ್ಟಿಗೆ ಹತ್ತಿರ ಹಾವು ಕಡಿಯಿತು. ಮನೆಯಲ್ಲಿದ್ದವಳು ಶಾಲೆಗೆ ಹೋಗುವ ಮೊಮ್ಮಗಳೊಬ್ಬಳೇ. ಕೈಯಲ್ಲಿ ಟ್ಯಾಬ್ ಇತ್ತು, 'ಫೋನೂ ಆಗುತ್ತೆ' ಅಂತ ಪೇಟೆಯ ಅಂಗಡಿಯವರು ಹೇಳಿ ಮಾರಿದ್ದು. ಹುಡುಗಿ 108 ಒತ್ತಲು ಜಾಗ ಹುಡುಕಿ ಹುಡುಕಿ ಸೋತು, ಕೊನೆಗೆ ನಮ್ಮನೆಗೆ ಓಡಿಬಂದಳು. ನನ್ನ ಹೆಂಡತಿ ನಮ್ಮ ಟ್ಯಾಬ್‌ನಿಂದ ಕರೆದಳು. ಮುದುಕಮ್ಮ ಉಳಿದರು. ವಾಟ್ಸ್ಆ್ಯಪ್ಪಿನಿಂದ 108 ಆಗಲಿ 112 ಆಗಲಿ ಹೋಗದು. ಕಿಸಾನ್ ಕಾಲ್ ಸೆಂಟರಿನ 1800-180-1551 ಕೂಡ ಹೋಗದು. ಆದ್ದರಿಂದ ವೈ-ಫೈ ಟ್ಯಾಬ್ ಎಷ್ಟೇ ಚೆನ್ನಾಗಿರಲಿ, ಪಕ್ಕದಲ್ಲಿ ಒಂದು ಕೀಪ್ಯಾಡ್ ಫೋನು ಚಾರ್ಜಾಗಿ ಇರಲೇಬೇಕು. 108, 112 ಎರಡನ್ನೂ ಗೋಡೆಗೆ ದೊಡ್ಡದಾಗಿ ಬರೆದಿಡಿ.

ಬಳಕೆಯಲ್ಲಿ ಕಂಡ ಇನ್ನೆರಡು ಮಾತು. ನಮ್ಮ ಟ್ಯಾಬ್‌ಗೆ ಕಿವಿಗಿಡುವ ಸಣ್ಣ ಸ್ಪೀಕರಿಲ್ಲ, ಮಾತೆಲ್ಲ ಜೋರಾಗೇ ಬರುತ್ತೆ. ಮಂಡಿಯವರು ಹೇಳಿದ ರೇಟು ಜಗಲಿ ಮೇಲೆ ಕೂತವರಿಗೆಲ್ಲ ಗೊತ್ತಾಗುತ್ತೆ! ಒಂದು ಇಯರ್‌ಫೋನ್ ತಂದುಕೊಂಡರೆ ವ್ಯವಹಾರ ಮನೆಯೊಳಗೇ ಉಳಿಯುತ್ತೆ. ಇನ್ನು ಚಾರ್ಜು. ದೊಡ್ಡ ಪರದೆ ಬೇಗ ಬ್ಯಾಟರಿ ತಿನ್ನುತ್ತೆ, ಮೊಮ್ಮಕ್ಕಳು ವಿಡಿಯೋ ನೋಡಿದರಂತೂ ಸಂಜೆಗೇ ಖಾಲಿ. ನಮ್ಮಲ್ಲಿ ರಾತ್ರಿ ಕರೆಂಟ್ ಹೋದರೆ ಬರುವ ಹೊತ್ತು ಹೇಳೋಕಾಗಲ್ಲ, ಅದಕ್ಕೆ ದೀಪ ಹಚ್ಚುವ ಹೊತ್ತಿಗೇ ಚಾರ್ಜಿಗೆ ಹಾಕಿಬಿಡ್ತೀವಿ.