ಬ್ಯಾರನ್ನಿನ ಹೊಗೆ ಮತ್ತು ನಮ್ಮ ಹೊಣೆ

ಪ್ರತಿ ವರ್ಷ ಮುಂಗಾರು ಬಲಿತಂತೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ತಂಬಾಕು ಬ್ಯಾರನ್‌ಗಳು ಹೊಗೆಯಾಡತೊಡಗುತ್ತವೆ. ಹೊಲದಿಂದ ಬಿಡಿಸಿ ತಂದ ಹಸಿ ಎಲೆಯನ್ನು ಕೋಲುಗಳಿಗೆ ಕಟ್ಟಿ, ಒಳಗೆ ತೂಗುಹಾಕಿ, ಐದಾರು ದಿನ ಹಗಲಿರುಳು ಕಾವು ಕೊಡಬೇಕು. ನಿದ್ದೆಗೆಟ್ಟು ಒಲೆಗೆ ಕಟ್ಟಿಗೆ ಒಡ್ಡುವ ಕುಟುಂಬಗಳ ಪಾಡನ್ನು ನಾವು ಬಲ್ಲೆವು. ಮಗಳ ಮದುವೆ, ಮಗನ ಓದು, ಬ್ಯಾಂಕಿನ ಸಾಲ, ಎಲ್ಲವೂ ಹರಾಜು ಮಾರುಕಟ್ಟೆಯಲ್ಲಿ ಆ ಎಲೆಗೆ ದೊರೆಯುವ ಬೆಲೆಯನ್ನೇ ನೆಚ್ಚಿಕೊಂಡಿರುತ್ತವೆ. ಆದುದರಿಂದ ಈ ಹೊಗೆಯ ಕುರಿತು ಬರೆಯುವಾಗ ರೈತನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನಮ್ಮ ಉದ್ದೇಶವಲ್ಲ.

ಒಂದು ಕಿಲೋ ಹದಗೊಂಡ ವರ್ಜೀನಿಯಾ ಎಲೆಗೆ ಸುಮಾರು 4ರಿಂದ 5 ಕಿಲೋ ಕಟ್ಟಿಗೆ ಬೇಕಾಗುತ್ತದೆ. ಮಳೆಯಲ್ಲಿ ನೆನೆದ ಸೌದೆ ಪೂರ್ಣವಾಗಿ ಉರಿಯದೆ ಹೊಗೆಯುಗುಳುತ್ತದೆ. ಆ ಹೊಗೆಯಲ್ಲಿರುವ ಮಸಿಯ ಕಣಗಳನ್ನು ವಿಜ್ಞಾನಿಗಳು ಕಪ್ಪು ಇಂಗಾಲವೆನ್ನುತ್ತಾರೆ. ಅವು ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತವೆ; ಒಲೆಯ ಮುಂದೆ ಕುಳಿತವರ ಶ್ವಾಸಕೋಶವನ್ನೂ ಹೊಗುತ್ತವೆ.

ಆದರೆ ಈ ಮಸಿಗೆ ಆಯುಷ್ಯ ಕಡಿಮೆ. ಇಂಗಾಲದ ಡೈಆಕ್ಸೈಡಿನ ಒಂದು ಭಾಗ ಶತಮಾನಗಳವರೆಗೆ ವಾಯುಮಂಡಲದಲ್ಲಿ ಉಳಿಯುತ್ತದೆ. ನಾಲೆಯ ಬಯಲಿನ ಭತ್ತದ ಗದ್ದೆಗಳಲ್ಲಿ ನಿಂತ ನೀರಿನಿಂದ ಹೊಮ್ಮುವ ಮೀಥೇನ್ ಸುಮಾರು 12 ವರ್ಷ ಇರುತ್ತದೆ. ಮಸಿಯಾದರೋ ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಒಂದೆರಡು ವಾರಗಳಲ್ಲಿ ಮಳೆಯೊಡನೆ ನೆಲಕ್ಕಿಳಿಯುತ್ತದೆ. ಕಾರಣ ನಿಂತರೆ ಕಾರ್ಯವೂ ನಿಲ್ಲುವುದೆಂಬ ತರ್ಕ ಇಲ್ಲಿ ಕಣ್ಣೆದುರೇ ಸತ್ಯವಾಗುತ್ತದೆ. ಇಂದು ತಗ್ಗಿಸಿದ ಹೊಗೆಯ ಫಲವನ್ನು ಮೊಮ್ಮಕ್ಕಳಷ್ಟೇ ಅಲ್ಲ, ನಾವೇ ಕಾಣಬಹುದು. ಹಾಗೆಂದು ಮರ ಕಡಿಯುವುದರಿಂದಾಗುವ ದೀರ್ಘಕಾಲದ ಹಾನಿಯನ್ನು ಮರೆಯುವಂತಿಲ್ಲ. ಕಟ್ಟಿಗೆ ಉಳಿದರೆ ಎರಡೂ ತಗ್ಗುತ್ತವೆ.

ದಾರಿಗಳು ಇಲ್ಲದಿಲ್ಲ. ಸೌದೆಯನ್ನು ಬೇಸಿಗೆಯಲ್ಲೇ ಸೀಳಿ ಒಣಗಿಸಿ ಸೂರಿನಡಿ ಇಡುವುದು, ಗೋಡೆ ಬಾಗಿಲುಗಳ ಬಿರುಕು ಮುಚ್ಚಿ ಕಾವು ಸೋರದಂತೆ ನೋಡಿಕೊಳ್ಳುವುದು, ಗಾಳಿ ಸರಿಯಾಗಿ ಆಡುವ ಸುಧಾರಿತ ಒಲೆ ಕಟ್ಟಿಸುವುದು, ಬದುಗಳಲ್ಲಿ ಉರುವಲು ಮರ ಬೆಳೆಸುವುದು, ಇವು ಸೌದೆಯ ಖರ್ಚನ್ನೂ ಇಳಿಸುತ್ತವೆ. ತಂಬಾಕನ್ನೇ ಬಿಟ್ಟು ಬೇರೆ ಬೆಳೆಗೆ ತಿರುಗುವುದು ಎಲ್ಲಕ್ಕಿಂತ ದೊಡ್ಡ ಪರಿಹಾರವೇ ಸರಿ. ಆದರೆ ಆ ಬೆಳೆಗೂ ಖಚಿತ ಮಾರುಕಟ್ಟೆ ದೊರೆಯದೆ ಸಾಲಗಾರ ರೈತನಿಗೆ ಈ ಉಪದೇಶ ನೀಡುವುದು ನ್ಯಾಯವಲ್ಲ. ಎಲೆಯ ಲಾಭ ದೂರದ ಊರುಗಳಿಗೂ ಹಂಚಿಹೋಗುವಾಗ ಹೊಗೆಯ ಹೊಣೆ ಬ್ಯಾರನ್ನಿನ ಬಾಗಿಲಲ್ಲಿ ಕುಳಿತವನೊಬ್ಬನದೇ ಹೇಗಾದೀತು?

ಬರುವ ಹಂಗಾಮಿಗೆ ಮುನ್ನ ನಮ್ಮ ಕುಟುಂಬಗಳು ಒಟ್ಟಾಗಿ ಕುಳಿತು ಈ ವಿಚಾರವನ್ನು ಚರ್ಚಿಸಲಿ. ಒಂದು ಗಾಡಿ ಸೌದೆ ಉಳಿದರೂ ಅದು ಸಣ್ಣ ಗಳಿಕೆಯಲ್ಲ.