ಹೆಸರು ಆ ಊರಿನದು, ಮಗು ನಮ್ಮದು

ಮಗು ಹುಟ್ಟುವ ಮೊದಲೇ ಹೆಸರಿಗಾಗಿ ನಿಮ್ಮ ಮನೆಯಲ್ಲಿ ಜಗಳವಾಗಿದೆಯೇ, ಸೋದರಿಯರೇ? ನಮ್ಮಲ್ಲಿ ಆಯಿತು.

ನನ್ನ ತಂಗಿ ಐರ್ಲೆಂಡ್ ದೇಶದ ಡಬ್ಲಿನ್ ನಗರದಲ್ಲಿ ನರ್ಸು. ಬಸುರಿಯಾಗಿದ್ದಾಗ ಒಂದು ಸಂಜೆ ಫೋನಿನಲ್ಲಿ, "ಅಕ್ಕಾ, ಹೆಣ್ಣಾದರೆ ಇಲ್ಲಿಯ ಹೆಸರೇ ಇಡೋಣ ಅಂತಿದೀವಿ" ಅಂದಳು. ಪಕ್ಕದಲ್ಲಿ ಅವರೆಕಾಳು ಹಿಸುಕುತ್ತಿದ್ದ ಅಮ್ಮನ ಕೈ ನಿಂತೇಹೋಯಿತು. "ನಮ್ಮತ್ತೆ ಹೆಸರು ಇಡ್ತೀನಿ ಅಂದಿದ್ಲು. ನಮಗೂ ಆ ದೇಶಕ್ಕೂ ಯಾವ ಜನ್ಮದ ನಂಟು?" ಎಂದು ಎದ್ದು ಒಳಗೆ ಹೋದರು. ಎರಡು ವಾರ ತಂಗಿಯ ಜೊತೆ ಮಾತಿಲ್ಲ.

ತಂಗಿಯ ಕಷ್ಟವೂ ಸುಳ್ಳಲ್ಲ. ಅವಳ ಹೆಸರನ್ನು ಅಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಕರೆದು ಅವಳಿಗೆ ಸಾಕಾಗಿತ್ತು. ಅಲ್ಲೇ ಶಾಲೆಗೆ ಹೋಗುವ ಮಗುವಿಗೆ ಆ ಪಾಡು ಬೇಡ ಎಂಬುದು ತಾಯಿಯ ಆಸೆ.

ಅವಳು ಮೊದಲು ಆರಿಸಿದ್ದು 'ಹೊಳಪು' ಎಂಬ ಅರ್ಥದ ಹೆಸರು. ಇಂಗ್ಲಿಷಿನ ಎನ್, ಐ, ಎ, ಎಂ, ಎಚ್ ಅಕ್ಷರಗಳು. ನಾನು 'ನಿಯಾಮ್' ಎಂದು ಓದಿದೆ. ಅಲ್ಲವಂತೆ, 'ನೀವ್' ಅನ್ನಬೇಕಂತೆ! ಐರಿಷ್ ಭಾಷೆಯಲ್ಲಿ ಎಂ ಆದಮೇಲೆ ಎಚ್ ಬಂದರೆ ಎಷ್ಟೋ ಕಡೆ 'ವ' ಸದ್ದು. ಒಳಗಿನಿಂದ ಅಮ್ಮನ ದನಿ ಬಂತು: "ಮೊಮ್ಮಗಳನ್ನ ದಿನಾ ನೀವು, ನೀವು ಅಂತ ಬಹುವಚನದಲ್ಲಿ ಕರೀಬೇಕೇನೇ?" ಎಲ್ಲರೂ ನಕ್ಕೆವು. ಮೌನ ಅಲ್ಲಿಗೆ ಮುರಿಯಿತು.

ಆಗ ನನಗೆ ಸೋದರಿ ನಿವೇದಿತಾ ನೆನಪಾದರು. 1867ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಮಾರ್ಗರೆಟ್ ನೋಬಲ್ ಅವರು. 1898ರಲ್ಲಿ ಸ್ವಾಮಿ ವಿವೇಕಾನಂದರು ಆ ಹೆಸರು ಕೊಟ್ಟರು. ನಿವೇದಿತಾ ಎಂದರೆ ಅರ್ಪಿತೆ. ಅರ್ಥ ತಿಳಿದು, ಅದರಂತೆ ಬಾಳಿದರು. ಇಂದು ಅವರನ್ನು ಪರದೇಶದವರು ಅನ್ನುತ್ತೇವೆಯೇ? "ನಂಟು ಹೀಗೂ ಬರುತ್ತಮ್ಮಾ" ಅಂದೆ. ಅಮ್ಮ ಉತ್ತರ ಕೊಡಲಿಲ್ಲ, ಆದರೆ ಬಂದು ಫೋನಿನ ಹತ್ತಿರ ಕುಳಿತರು.

ನಿಮ್ಮ ಮಕ್ಕಳೋ ಬಂಧುಗಳೋ ಹೊರದೇಶದಲ್ಲಿದ್ದು ಇಂಥ ಮಾತು ಬಂದರೆ, ನಾವು ಕಲಿತದ್ದನ್ನು ಕೇಳಿ.

ಅಲ್ಲಿಯವರ ಬಾಯಿಂದಲೇ ಹೆಸರನ್ನು ಕೇಳಿ ಕಲಿಯಿರಿ. ಅಕ್ಷರ ನೋಡಿ ಊಹಿಸಬೇಡಿ.

ಅಕ್ಷರದ ಮೇಲಿನ ಪುಟ್ಟ ಗೆರೆಯನ್ನು ಬಿಡಬೇಡಿ. 'ಶಾನ್' ಎಂಬ ಗಂಡುಹೆಸರಿನ ಎ ಮೇಲಿನ ಗೆರೆ ಬಿಟ್ಟರೆ ಐರಿಷ್‌ನಲ್ಲಿ 'ಮುದಿ' ಎಂದಾಗುತ್ತದೆ!

ಅದು ಅಲ್ಲಿ ನಿಜವಾಗಿ ಹೆಸರೇ ಎಂದು ವಿಚಾರಿಸಿ. 'ಕಾಲೀನ್' ಎಂದು ಹೊರದೇಶಗಳಲ್ಲಿ ಹೆಸರಿಡುತ್ತಾರೆ. ಐರಿಷ್‌ನಲ್ಲಿ ಅದರ ಮೂಲಪದಕ್ಕೆ 'ಹುಡುಗಿ' ಎಂದಷ್ಟೇ ಅರ್ಥ.

ನಮ್ಮ ಕಿವಿಗೂ ಒಮ್ಮೆ ಒಪ್ಪಿಸಿ. 'ಊನಾ' ಅಲ್ಲಿಯ ಹಳೆಯ, ಚಂದದ ಹೆಸರು. ನಮ್ಮಲ್ಲಿ ಊನ ಎಂದರೆ ಕೊರತೆ. ತೊಟ್ಟಿಲ ಕೂಸನ್ನು ಹಾಗೆ ಕರೆಯಲು ಬಾಯಿ ಬಂದೀತೇ?

ಕೊನೆಗೆ ತಂಗಿ ಪಕ್ಕದ ಮನೆಯ ಅಜ್ಜಿಯನ್ನೇ ಕೇಳಿದಳಂತೆ: "ನಾವು ನಿಮ್ಮವರಲ್ಲ, ನಿಮ್ಮ ಹೆಸರು ಇಟ್ಟರೆ ಬೇಸರವೇ?" ಆಕೆ, "ಸಂತೋಷ. ಸರಿಯಾಗಿ ಕರೆಯಿರಿ, ಅಷ್ಟು ಸಾಕು" ಅಂದರಂತೆ. ಆಕೆಯೇ ಹತ್ತು ಸಲ ಹೇಳಿಕೊಟ್ಟ ಹೆಸರು 'ರೋಶೀನ್'. ಅರ್ಥ, ಪುಟ್ಟ ಗುಲಾಬಿ.

ಬಾಣಂತನಕ್ಕೆ ಡಬ್ಲಿನ್ನಿಗೆ ಹೋದ ಅಮ್ಮ, ನಾಮಕರಣದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಮೊದಲು ತಮ್ಮ ಅತ್ತೆಯ ಹೆಸರು ಬರೆದರು. ಅದರ ಕೆಳಗೆ ರೋಶೀನ್. ಇಂಗ್ಲಿಷ್ ಅಕ್ಷರದಲ್ಲಿ ಎಲ್ಲರೂ ತಡವರಿಸುವ ಹೆಸರು ನಮ್ಮ ಅಕ್ಕಿಯ ಮೇಲೆ ಮೂರೇ ಅಕ್ಷರ, ಅಂದಂತೆಯೇ ಬರೆಯಬಹುದು.

ಈಗ ಶಾಲೆಗೆ, ನೆರೆಮನೆಗೆ ಅವಳು ರೋಶೀನ್. ಇಲ್ಲಿಂದ ಫೋನು ಮಾಡುವ ಅಮ್ಮನಿಗೆ ಮಾತ್ರ "ಗುಲಾಬೀ!" ಎರಡಕ್ಕೂ ಮಗು ಓ ಅನ್ನುತ್ತದೆ.