ಕರಿಗೇರಿನ ಬಾಲ

ಚಿಂಚೋಳಿಯ ನಾರುಬೇರಿನ ಅಂಗಡಿಯೊಂದರಲ್ಲಿ ಹೃದಯದಾಕಾರದ ಕರಿಬೀಜಗಳ ಡಬ್ಬಿಗೆ ಕೈ ಹಾಕಹೊರಟಿದ್ದೆ. ‘ಬರಿಗೈಲೆ ಮುಟ್ಟಬ್ಯಾಡ್ರಿ ಸರ, ಬೊಬ್ಬಿ ಏಳ್ತಾವ’ ಎಂದು ಅಂಗಡಿಯವರು ತಡೆದರು. ಕರಿಗೇರು! ಅಗಸರು ಇದರ ಎಣ್ಣೆಯಿಂದ ಬಟ್ಟೆಗೆ ಗುರುತು ಹಾಕಿ, ಮೇಲೆ ಸುಣ್ಣ ಸವರುತ್ತಿದ್ದರು. ಎಷ್ಟು ಒಗೆದರೂ ಆ ಕಪ್ಪು ಹೋಗದು. ಶಹಾಬಾದ್, ವಾಡಿ ಸೀಮೆಯಲ್ಲಿ ಸುಣ್ಣಕ್ಕಂತೂ ಬರವಿರಲಿಲ್ಲ ಬಿಡಿ.

ಬೊಬ್ಬೆ ಎಬ್ಬಿಸುವ ಆ ಅಣುವಿಗೆ 15 ಇಂಗಾಲಗಳ ಉದ್ದ ಬಾಲ, ತಲೆಯ ಉಂಗುರದಲ್ಲಿ ಎರಡು ಹೈಡ್ರಾಕ್ಸಿಲ್. ಮಂಗಳೂರು, ಕಾಸರಗೋಡಿನ ಗೋಡಂಬಿಯೂ ಇದೇ ಸಸ್ಯಕುಟುಂಬದ್ದು. ಅದರ ಸಿಪ್ಪೆಯೆಣ್ಣೆಯ ಕಾರ್ಡನಾಲ್‌ಗೂ ಅಷ್ಟೇ ಉದ್ದದ ಬಾಲವಿದೆ, ಹೈಡ್ರಾಕ್ಸಿಲ್ ಮಾತ್ರ ಒಂದೇ. ಬ್ರೇಕ್ ಲೈನಿಂಗ್‌ಗೂ ಬಣ್ಣಕ್ಕೂ ಹೋಗುವ ಈ ಸರಕಿಗೆ ಹೈಡ್ರೋಜನ್ ಉಣಿಸಿದರೆ ಪೆಂಟಾಡೆಸಿಲ್ ಫೀನಾಲ್ ಸಿಗುತ್ತದೆ. ನನ್ನ ಮೋಹವೆಲ್ಲ ಅದರ ಮೇಲೆ; ಕಾರಣ, ಬ್ಲಾಕ್ ಕೋಪಾಲಿಮರ್‌ಗಳ ಜೊತೆ ಅದು ಆಡುವ ಆಟ.

ಬ್ಲಾಕ್ ಕೋಪಾಲಿಮರ್ ಎಂದರೆ ಒಂದಕ್ಕೊಂದು ಸೇರದ ಎರಡು ಸರಪಳಿಗಳನ್ನು ತುದಿಗೆ ತುದಿ ಬೆಸೆದದ್ದು. ಪಾಲಾಗಲೂ ಆಗದ, ಕೂಡಿ ಬಾಳಲೂ ಆಗದ ಅಣ್ಣತಮ್ಮಂದಿರಂತೆ ಅವು ಹತ್ತಾರು ನ್ಯಾನೋಮೀಟರ್‌ಗಳ ಗೋಲ, ಕಂಬ, ಪದರಗಳಾಗಿ ಬೇರೆ ಬೇರೆ ಕೂರುತ್ತವೆ. ಯಾವ ಆಕಾರ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಯಾರ ಪಾಲು ಎಷ್ಟು ಎಂಬುದು.

ರುವೊಕೊಲೈನೆನ್, ಇಕ್ಕಲ, ಟೆನ್ ಬ್ರಿಂಕೆ ಮತ್ತು ಸಂಗಡಿಗರು 1998ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಇಂಥ ಕೋಪಾಲಿಮರ್‌ನ ಒಂದು ಮಿಶ್ರಣದ ಬಗ್ಗೆ. ಸ್ಟೈರೀನ್ ಮತ್ತು ವಿನೈಲ್ ಪಿರಿಡಿನ್ ಭಾಗಗಳ ಕೋಪಾಲಿಮರ್‌ಗೆ ಅವರು ಒಂದು ಆಮ್ಲವನ್ನೂ ನಮ್ಮ ಪೆಂಟಾಡೆಸಿಲ್ ಫೀನಾಲನ್ನೂ ಕೂಡಿಸಿದರು. ಆಮ್ಲದ ನೆರವಿನಿಂದ ಫೀನಾಲ್ ಪಿರಿಡಿನ್ ಭಾಗಕ್ಕೆ ಹೈಡ್ರೋಜನ್ ಬಂಧದಲ್ಲಿ ನೇತುಬಿತ್ತು. ಸ್ಟೈರೀನಿನ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡ ಪದರಗಳ ಒಳಗೆ ಬಾಲಗಳು 5 ನ್ಯಾನೋಮೀಟರ್ ಆಸುಪಾಸಿನ ತಮ್ಮದೇ ಪುಟ್ಟ ಪದರಗಳನ್ನು ಕಟ್ಟಿಕೊಂಡವು. ಬಿಸಿ ಮಾಡಿದರೆ ಒಳಪದರ ಕರಗಿ, ಮುಂದೆ ಹೊರಗಿನ ಆಕಾರವೂ ಬದಲಾಗಿ, ವಿದ್ಯುತ್ ವಾಹಕತೆಯೂ ಹೆಜ್ಜೆಹೆಜ್ಜೆಗೆ ಏರುಪೇರಾಯಿತು. ಇದೇ ಬಗೆಯ ಬೇರೆ ಮಿಶ್ರಣಗಳಿಂದ ಫೀನಾಲನ್ನು ತೊಳೆದು ತೆಗೆದು ಪೊಳ್ಳು ಕೊಳವೆಗಳನ್ನೂ ಮಾಡಿದ್ದಾರೆ.

‘ನ್ಯಾನೋ ಕ್ರಾಂತಿ’ಯ ಘೋಷಣೆಗಳಲ್ಲಿ ನನಗೆ ನಂಬಿಕೆ ಕಡಿಮೆ. ಆದರೆ ಬಿಸಿಗೆ ಬಿಟ್ಟು ತಂಪಿಗೆ ಮತ್ತೆ ಹಿಡಿಯುವ ಈ ದುರ್ಬಲ ಹೈಡ್ರೋಜನ್ ಬಂಧ ಮಾಡುವ ಕೆಲಸ ಗಟ್ಟಿ ಬಂಧದಿಂದ ಆಗದು.

ಎರಡು ಹೈಡ್ರಾಕ್ಸಿಲ್ ಇರುವ ಕರಿಗೇರಿನ ಅಣುವಿಗೆ ಇಂಥ ಹಿಡಿಕೆ ಎರಡು. ಗುಲ್ಬರ್ಗ ವಿಶ್ವವಿದ್ಯಾಲಯದ ರಸಾಯನ ವಿಭಾಗದವರು ಒಮ್ಮೆ ಅದನ್ನೂ ಕೋಪಾಲಿಮರ್‌ಗೆ ಕೂಡಿಸಿ ನೋಡಲಿ, ಕೈಗವಸು ಹಾಕಿಕೊಂಡೇ.